ಊದುಗೊಳವೆಯ ಉಸಿರು, ಹೀಟ್ ಗನ್ನಿನ ಗಾಳಿ

ಈ ವಾರ ಹೀಟ್ ಗನ್ನಿನ ಮೂತಿಗಳ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಚಪ್ಪಟೆ ಮೂತಿ ಯಾವ ಕೆಲಸಕ್ಕೆ, ಗುಂಡು ಮೂತಿ ಯಾವುದಕ್ಕೆ, ಬಣ್ಣದ ಮೇಣವನ್ನು ಬಿಸಿಯಿಂದ ಪದರ ಪದರವಾಗಿ ಬೆಸೆಯುವ ಮೇಣದ ಚಿತ್ರಕ್ಕೆ ಬಾಗು ಮೂತಿ ಬೇಕೋ ಬೇಡವೋ ಎಂಬ ಲೆಕ್ಕಾಚಾರ. ಆದರೆ ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಮಾತೊಂದಿದೆ. ಚನ್ನಗಿರಿ, ಹೊನ್ನಾಳಿ ಕಡೆಯ ಓದುಗರು ಕಳಿಸುವ ಕೆಲಸಗಳಲ್ಲಿ ಒಂದೇ ದೋಷ ಮತ್ತೆ ಮತ್ತೆ ಕಾಣುತ್ತಿದೆ: ಮೇಣ ಓಡಿದೆ, ಬೆಸೆದಿಲ್ಲ. ಮೇಲಿನ ಪದರ ತೆಳುವಾಗಿ ಹರಿದು ಅಂಚಿಗೆ ಹೋಗಿ ಕೂತಿದೆ, ಕೆಳಗಿನದು ತಣ್ಣಗೇ ಉಳಿದಿದೆ. ಉಗುರು ತಾಕಿಸಿದರೆ ಹೊಪ್ಪಳೆ ಏಳುತ್ತದೆ.

ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹೀಟ್ ಗನ್ನು ಹುಟ್ಟಿದ್ದು ಹಳೆಯ ಪೇಂಟು ಕೀಳಲಿಕ್ಕೆ. ಎರಡು ಹಂತದ ಗನ್ನಿನಲ್ಲಿ ಕೆಳಗಿನ ಹಂತದ ಗಾಳಿಯೇ ಸಾಮಾನ್ಯವಾಗಿ 300 ಡಿಗ್ರಿಯ ಆಸುಪಾಸು ಇರುತ್ತದೆ, ಮೇಲಿನದು 500 ದಾಟುತ್ತದೆ. ಅಂದರೆ ಮೇಣಕ್ಕೆ ಬೇಕಾದ್ದಕ್ಕಿಂತ ಐದು ಪಟ್ಟು, ಎಂಟು ಪಟ್ಟು ಬಿಸಿ, ಜೊತೆಗೆ ಕರಗಿದ್ದನ್ನು ದೂಡಿಕೊಂಡು ಹೋಗುವಷ್ಟು ಗಾಳಿ. ಗನ್ನನ್ನು ಒಂದು ಗೇಣಿಗಿಂತ ಹತ್ತಿರ ತರಬೇಡಿ. ನೇರ ಮೇಲಿನಿಂದ ಹಿಡಿಯಿರಿ, ಓರೆ ಹಿಡಿದರೆ ಮೇಣ ಗಾಳಿಯ ದಿಕ್ಕಿಗೆ ಓಡುತ್ತದೆ. ಮಂಕಾಗಿದ್ದ ಮೇಣದ ಮೈ ಒಮ್ಮೆಲೇ ಒದ್ದೆಯಾದ ಹಾಗೆ ಮಿನುಗುತ್ತದಲ್ಲ, ಆ ಕ್ಷಣವೇ ಬೆಸುಗೆಯ ಕ್ಷಣ. ಮಿನುಗು ಕಂಡ ಕೂಡಲೇ ಕೈ ಮುಂದೆ ಸರಿಯಬೇಕು. ಅಲ್ಲೇ ನಿಂತರೆ ಚಿತ್ರ ಹೋಯಿತು.

ಈ ಮಾತನ್ನು ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ಹೇಳಲು ಧೈರ್ಯ ಕೊಡುವವರು ನಮ್ಮ ಅಕ್ಕಸಾಲಿಗರು. ಹೊನ್ನಾಳಿ–ನ್ಯಾಮತಿ ಸೀಮೆಗೂ ಚಿನ್ನಕ್ಕೂ ನಂಟು ಹಳೆಯದು; ಕುದುರೆಕೊಂಡ, ಪಲವನಹಳ್ಳಿಗಳ ಸುತ್ತಿನ ಚಿನ್ನದ ಗಣಿಗುಂಡಿಗಳನ್ನು ಭೂವಿಜ್ಞಾನಿಗಳು ದಾಖಲಿಸಿಟ್ಟಿದ್ದಾರೆ. ಗ್ಯಾಸ್ ಟಾರ್ಚ್ ಬರುವ ಮುಂಚೆ ಈ ಕಡೆಯ ಪೇಟೆಬೀದಿಗಳಲ್ಲಿ ಕೂತು ಕೆಲಸ ಮಾಡುತ್ತಿದ್ದ ಅಕ್ಕಸಾಲಿಗರ ಕೈಯಲ್ಲಿ ಇರುತ್ತಿದ್ದದ್ದು ಊದುಗೊಳವೆ: ತುದಿ ಬಾಗಿದ, ಮುಂದೆ ಮುಂದೆ ಸಣ್ಣಗಾಗುವ ಹಿತ್ತಾಳೆ ಕೊಳವೆ. ಎದುರಿಗೆ ಒಂದು ಎಣ್ಣೆ ದೀಪ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆದುಕೊಳ್ಳುತ್ತಲೇ ಕೆನ್ನೆಯ ಗಾಳಿಯನ್ನು ಕೊಳವೆಗೆ ಬಿಡುತ್ತಾರೆ. ದೀಪದ ಕುಡಿ ಮಗ್ಗುಲಾಗಿ ಬಾಗಿ, ಚೂಪಾಗಿ, ಬೆಸುಗೆಯ ಜಾಗಕ್ಕೇ ಹೋಗಿ ಮುಟ್ಟುತ್ತದೆ. ಉಸಿರು ಒಂದು ಗಳಿಗೆಯೂ ಕಡಿಯುವುದಿಲ್ಲ.

ಅದೇ ದೀಪ, ಅದೇ ಕೊಳವೆಯಿಂದ ಅವರು ಎರಡು ಬೇರೆ ಬೇರೆ ಕೆಲಸ ತೆಗೆಯುತ್ತಿದ್ದರು. ಚಿನ್ನದ ಬೆಸುಗೆಗೆ 700 ಡಿಗ್ರಿಯ ಆಸುಪಾಸಿನ ಅಥವಾ ಅದಕ್ಕೂ ಮೇಲಿನ ಕಾವು ಬೇಕು. ಪೊಳ್ಳು ಗುಂಡಿನೊಳಗೆ ತುಂಬುವ ಅರಗಿಗೆ 80 ಡಿಗ್ರಿಯ ಸುತ್ತಮುತ್ತ ಸಾಕು, ಹೆಚ್ಚಾದರೆ ಅರಗು ನೊರೆ ಬಂದು ಸುಟ್ಟು ಕಪ್ಪಾಗುತ್ತದೆ. ತೆಳು ತಗಡಿನ ಗುಂಡು ನಜ್ಜಾಗದೆ ಉಳಿಯುವುದೇ ಒಳಗಿನ ಅರಗಿನಿಂದ. ಉಬ್ಬು ಕೆತ್ತನೆಗೂ ಅರಗೇ ಆಧಾರ. ಇಟ್ಟಿಗೆ ಪುಡಿ ಬೆರೆಸಿದ ಅರಗನ್ನು ಹಲಗೆಯ ಮೇಲೆ ಹಾಸಿ, ಕಾವು ತಾಕಿಸಿ ಮೆತ್ತಗೆ ಮಾಡಿ, ತಗಡನ್ನು ಅದರೊಳಗೆ ಕೂರಿಸಿ, ಚಾಣದಿಂದ ಹೊಡೆಯುತ್ತಾರೆ. ಕೆಲಸ ಮುಗಿದ ಮೇಲೆ ಮತ್ತೆ ಕಾವು ತಾಕಿಸಿ ಬಿಡಿಸಿಕೊಳ್ಳುತ್ತಾರೆ. ಗುಂಡಿಯಿಲ್ಲ, ಹಂತವಿಲ್ಲ, ವಾಟಿನ ಲೆಕ್ಕವಿಲ್ಲ. ದೂರ ಮತ್ತು ಉಸಿರು, ಎರಡರಲ್ಲೇ 80ನ್ನೂ 700ನ್ನೂ ಹಿಡಿದಿಟ್ಟ ಕೈ ಅದು. ಸಾವಿರಾರು ರೂಪಾಯಿಯ ಡಿಜಿಟಲ್ ಗನ್ನು ಕೊಳ್ಳಲೇಬೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಲ್ಲೇ ಇದೆ.

ಅರಗಿನ ಮಾತು ಬಂದಿತಲ್ಲ, ಇನ್ನೊಂದನ್ನು ಹೇಳಿಬಿಡುತ್ತೇನೆ. ತಾಲ್ಲೂಕು ಕೇಂದ್ರಗಳ ಅಂಚೆ ಕಚೇರಿಯಲ್ಲಿ ವಿಮೆ ಮಾಡಿಸಿದ ಪಾರ್ಸಲ್ಲಿಗೆ ಅರಗಿನ ಮೊಹರು ಹಾಕುವುದನ್ನು ಹಿರಿಯ ಓದುಗರು ನೋಡಿಯೇ ಇರುತ್ತಾರೆ. ಅರಗಿನ ಕಡ್ಡಿಯನ್ನು ಮೇಣದಬತ್ತಿಯ ಉರಿಯ ಒಳಗೆ ಇಡದೆ, ಉರಿಯ ಪಕ್ಕದಲ್ಲಿ ಹಿಡಿದು ತಿರುಗಿಸುವುದು, ತೊಟ್ಟು ಬಿದ್ದ ಮೇಲೆ ಒಂದು ಗಳಿಗೆ ಬಿಟ್ಟು ಹಿತ್ತಾಳೆ ಮುದ್ರೆ ಒತ್ತುವುದು. ಆ ಒಂದು ಗಳಿಗೆ ಕಾಯದಿದ್ದರೆ ಮುದ್ರೆಗೆ ಅರಗು ಅಂಟಿಕೊಂಡು ಬರುತ್ತದೆ. ನಮ್ಮ ನಾಡಿನಲ್ಲಿ ಆ ಅರಗಿಗೆ ಒಂದು ಕಾರ್ಖಾನೆಯೇ ಇತ್ತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರ್ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಕಾಡಿನ ಅರಗನ್ನು ಬಳಸಿ ಬಣ್ಣ ಮಾಡುತ್ತಿತ್ತು, ಮೊಹರಿನ ಅರಗನ್ನೂ ಮಾಡುತ್ತಿತ್ತು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಗೆ ಈಗ ಹೆಸರಾಗಿರುವ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಶ್ ಅದೇ ಸಂಸ್ಥೆ. ಚನ್ನಪಟ್ಟಣದ ಬೊಂಬೆ ಮಾಡುವವರಂತೂ ಶಾಖದ ಉಪಕರಣವನ್ನೇ ಕೈಬಿಟ್ಟವರು. ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ.

ಮೇಣದ ವಿಚಾರದಲ್ಲಿ ನಾನು ಮತ್ತೆ ಮತ್ತೆ ತೆರೆಯುವ ಪುಸ್ತಕ ಮಾನಸೋಲ್ಲಾಸ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದದ್ದು. ಉಚ್ಚಂಗಿಯ ಪಾಂಡ್ಯರು ಸಾಮಂತರಾಗಿ ಆಳುತ್ತಿದ್ದ ನಮ್ಮ ಈ ಸೀಮೆಯೂ ಆಗ ಚಾಲುಕ್ಯರ ಕೆಳಗೇ ಇತ್ತು. ಮೇಣದ ಅಚ್ಚಿನಿಂದ ಲೋಹದ ವಿಗ್ರಹ ಎರೆಯುವ ಕ್ರಮವನ್ನು ದೊರೆ ಕಣ್ಣಾರೆ ನಿಂತು ನೋಡಿದವನ ಹಾಗೆ ಹೇಳುತ್ತಾನೆ. ಮೊದಲು ಮೇಣದಲ್ಲಿ ಮೂರ್ತಿ ಆಗಬೇಕು. ಬೆನ್ನಿಗೆ, ಹೆಗಲಿಗೆ ಉಮ್ಮತ್ತದ ಹೂವಿನಂಥ ನಾಳಗಳನ್ನು ಕೂಡಿಸಬೇಕು. ಸುಟ್ಟ ಹೊಟ್ಟು, ನುಣ್ಣಗೆ ಕತ್ತರಿಸಿದ ಹತ್ತಿ, ಅರೆದ ಉಪ್ಪು ಬೆರೆಸಿದ ಮಣ್ಣನ್ನು ಮೇಣದ ಮೇಲೆ ಬಳಿಯಬೇಕು. ಮೊದಲ ಲೇಪ ನೆರಳಲ್ಲಿ ಒಣಗಬೇಕು, ಎರಡು ದಿನ ಕಳೆದ ಮೇಲೆ ಎರಡನೆಯದು, ಅದೂ ಒಣಗಿದ ಮೇಲೆ ದಪ್ಪನೆಯ ಮೂರನೆಯದು. ಮಣ್ಣು ಬಳಿಯುವ ಮುಂಚೆಯೇ ಮೇಣವನ್ನು ತೂಗಿಟ್ಟುಕೊಳ್ಳಬೇಕು, ಯಾಕೆಂದರೆ ಎಷ್ಟು ಲೋಹ ಬೇಕೆಂಬುದು ಆ ತೂಕದಿಂದಲೇ ಗೊತ್ತಾಗಬೇಕು: ಬೆಳ್ಳಿಯಾದರೆ ಮೇಣದ 12 ಪಟ್ಟು, ಚಿನ್ನವಾದರೆ 16 ಪಟ್ಟು. ಬೆಳ್ಳಿಯ ಸಾಂದ್ರತೆ ಮೇಣದ ಹನ್ನೊಂದು ಪಟ್ಟಿಗೆ ಹತ್ತಿರ. ನಾಳಗಳಲ್ಲಿ ನಿಲ್ಲುವ ಲೋಹಕ್ಕೂ ಸ್ವಲ್ಪ ಸೇರಿಸಿ 12 ಎಂದರೆ, ಅದು ಕೆಲಸ ಮಾಡಿದವರ ಲೆಕ್ಕ. ಮೇಣ ಕರಗುವುದು ಎಲ್ಲ ಆದ ಮೇಲೆ, ಕೊನೆಗೆ. ಕಾಯಿಸುವ ಕೆಲಸಕ್ಕಿಂತ ಕಾಯುವ ಕೆಲಸವೇ ಹೆಚ್ಚು. ಒಂಬೈನೂರು ವರ್ಷದ ಹಿಂದಿನ ಈ ಪುಟಗಳನ್ನು ಓದಿದವರು ಗನ್ನಿನ ಗುಂಡಿಯನ್ನು ಅವಸರದಲ್ಲಿ ಒತ್ತುವುದಿಲ್ಲ.

ಮೇಣದ ಚಿತ್ರವೂ ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ. ರೋಮನ್ನರ ಆಳ್ವಿಕೆಯ ಈಜಿಪ್ಟಿನಲ್ಲಿ, ಕ್ರಿಸ್ತಶಕ 1ರಿಂದ 3ನೆಯ ಶತಮಾನದ ಹೊತ್ತಿಗೆ, ಹಲಗೆಯ ಮೇಲೆ ಬಣ್ಣದ ಮೇಣದಲ್ಲಿ ಬರೆದ ಫಯ್ಯೂಮ್ ಮುಖಚಿತ್ರಗಳು ಇವತ್ತಿಗೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತವೆ. ಅವು ಉಳಿದದ್ದು ಒಣ ಹವೆಯಿಂದ, ಒಣ ಮರದಿಂದ, ಪದರ ಪದರ ಬೆಸೆದ ಜೇನುಮೇಣದಿಂದ.

ಆದ್ದರಿಂದಲೇ ಅಕ್ರಿಲಿಕ್ ಪಂಥದವರ ಜೊತೆ ನನ್ನ ಜಗಳ ಮುಗಿದಿಲ್ಲ. ಮಿಕ್ಸೆಡ್ ಮೀಡಿಯಾ ಶಿಬಿರಗಳಲ್ಲಿ ಅಕ್ರಿಲಿಕ್ ಬಣ್ಣ ಬಳಿದು, ಒಣಗಿದ ಮೇಲೆ ಮೇಣ ಹೊಯ್ದು, ಗನ್ ಆಡಿಸಿ, ಅರ್ಧ ದಿನದಲ್ಲಿ ಮಕ್ಕಳ ಕೈಗೆ ಚಿತ್ರ ಕೊಟ್ಟು ಕಳಿಸುತ್ತಾರೆ. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ಕಿನ ಹಾಳೆ. ಮೇಣ ಇಳಿಯಲು ಅದರಲ್ಲಿ ರಂಧ್ರವೇ ಇಲ್ಲ, ವರ್ಷ ತುಂಬುವುದರೊಳಗೆ ಕಿತ್ತು ಬರುತ್ತದೆ. ಕ್ರೇಯಾನ್ ಕಡ್ಡಿಗಳನ್ನು ಸಾಲಾಗಿ ಅಂಟಿಸಿ ಹೇರ್ ಡ್ರೈಯರ್ ಹಿಡಿದು ಇಳಿಬಿಡುವುದು ಮಕ್ಕಳ ರಜೆಯ ಆಟವಾಗಿ ಚೆಂದ, ಅದನ್ನು ಮೇಣದ ಕಲೆ ಎಂದು ಕಲಿಸಬಾರದು. ಎಪಾಕ್ಸಿ ರೆಸಿನ್ನಿನವರು ಗುಳ್ಳೆ ಒಡೆಯಲು ಗನ್ ಹಿಡಿಯುತ್ತಾರೆ, ಆ ಕೆಲಸಕ್ಕೆ ಅದು ಸರಿ. ಆದರೆ ರೆಸಿನ್ ಒಮ್ಮೆ ಗಟ್ಟಿಯಾದರೆ ಮುಗಿಯಿತು. ಮೇಣವನ್ನು ಹತ್ತು ವರ್ಷ ಬಿಟ್ಟು ಬಿಸಿ ಮಾಡಿದರೂ ಮತ್ತೆ ತಿದ್ದಲು ಬರುತ್ತದೆ. ನಾನು ಮೇಣದ ಪಕ್ಷದವನಾಗಿರುವುದಕ್ಕೆ ಇದೊಂದೇ ಕಾರಣ ಸಾಕು.

ಮೇಣ ಕುಡಿಯುವ ತಳ ಬೇಕೆಂದರೆ ದೂರ ಹೋಗಬೇಕಿಲ್ಲ. ಚನ್ನಗಿರಿಯ ತೋಟಗಳಲ್ಲಿ ಅಡಿಕೆ ಹಾಳೆ ಬಿದ್ದಿದೆ. ತಟ್ಟೆ ಮಾಡುವವರು ಹಾಳೆಯನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಹಾಗೆ ಒತ್ತಿ ಗಟ್ಟಿಯಾದ ಹಾಳೆಯ ಚಪ್ಪಟೆ ಭಾಗವನ್ನು ಕತ್ತರಿಸಿ, ಪ್ಲೈವುಡ್ಡಿಗೆ ಅಂಟಿಸಿಕೊಳ್ಳಿ. ಬರಿಯ ಹಾಳೆ ಬಾಗುತ್ತದೆ, ಬಾಗಿದರೆ ಮೇಣ ಸೀಳುತ್ತದೆ. ಮೊದಲ ಪದರ ಬಣ್ಣವಿಲ್ಲದ ಮೇಣ. ಹಾಳೆಯ ನಾರು ಅದನ್ನು ಎಳೆದುಕೊಂಡು ಕಂದು ಬಣ್ಣ ಗಾಢವಾಗುತ್ತದೆ. ಎರಡನೆಯ ಪದರದಿಂದ ಬಣ್ಣ. ಮೇಣ ಗಟ್ಟಿಯಾಗಲು ಬೆರೆಸುವ ಡಾಮರ್ ರಾಳ ಸಿಗದೆ ಹೋದರೆ ಚಿಂತೆಯಿಲ್ಲ, ಬರಿಯ ಜೇನುಮೇಣದಲ್ಲೇ ಕಲಿಯಿರಿ.

ನ್ಯಾಮತಿಯ ಓದುಗರೊಬ್ಬರು ಲಂಬಾಣಿ ಕಸೂತಿಯ ಹಳೆಯ ತುಂಡುಗಳನ್ನು ಮೇಣದಲ್ಲಿ ಕೂರಿಸಬಹುದೇ ಎಂದು ಕೇಳಿದ್ದಾರೆ. ಲಂಬಾಣಿಗರ ಗುರು ಸೇವಾಲಾಲರ ಸೂರಗೊಂಡನಕೊಪ್ಪ ಇರುವ ತಾಲ್ಲೂಕಿನಿಂದ ಈ ಪ್ರಶ್ನೆ ಬಂದದ್ದು ನನಗೆ ಸಂತೋಷ. ಹತ್ತಿಬಟ್ಟೆ ಮೇಣವನ್ನು ಚೆನ್ನಾಗಿ ಹೀರುತ್ತದೆ. ಕನ್ನಡಿ ಬಿಲ್ಲೆಗೆ ಮೇಣ ಹಿಡಿಯುವುದಿಲ್ಲ; ಬಿಲ್ಲೆಯನ್ನು ಹೊಲಿಗೆಯೇ ಹಿಡಿದಿರಲಿ, ಸುತ್ತಲಿನ ಬಟ್ಟೆಗೆ ಮಾತ್ರ ಮೇಣ ಕೊಡಿ, ಕನ್ನಡಿಗೆ ಗನ್ನಿನ ಗಾಳಿ ನೇರ ತಾಕದಿರಲಿ. ಇನ್ನೂ ಉಡುವ, ಹಬ್ಬಕ್ಕೆ ತೆಗೆಯುವ ಬಟ್ಟೆಯನ್ನು ದಯವಿಟ್ಟು ಕತ್ತರಿಸಬೇಡಿ.

ಎಲ್ಲರಿಗೂ ಒಂದು ಮಾತು. 2000 ವಾಟಿನ ಗನ್ನು 230 ವೋಲ್ಟಿನಲ್ಲಿ ಎಂಟೂವರೆ ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಟಿವಿ ಹಾಕುವ ಸಣ್ಣ ಪ್ಲಗ್ಗಿಗೆ ಸಿಕ್ಕಿಸಬೇಡಿ, ಗೀಸರಿನ ದೊಡ್ಡ ಪ್ಲಗ್ಗೇ ಬೇಕು. ಕಿಟಕಿ ತೆರೆದಿರಲಿ. ಮೇಣ ಹೊಗೆಯಾಡಿತೆಂದರೆ ಬಿಸಿ ಮೀರಿತು ಎಂದರ್ಥ, ಆ ಹೊಗೆ ಕಣ್ಣಿಗೂ ಎದೆಗೂ ಕೆಟ್ಟದ್ದು. ಪಾತ್ರೆಯ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಉರಿಯುವ ಮೇಣ ಮೇಲೆ ಸಿಡಿಯುತ್ತದೆ. ತಟ್ಟೆ ಮುಚ್ಚಿ ಒಲೆ ಆರಿಸಿ.

ಜಗಳೂರಿನವರ ಪ್ರಶ್ನೆ ಬೇಸಿಗೆಯದು: ತಗಡಿನ ಮಾಡಿನ ಮನೆಯಲ್ಲಿ ಏಪ್ರಿಲ್‌ನಲ್ಲಿ ಚಿತ್ರ ಕರಗದೇ? ನೆರಳಲ್ಲಿ 40 ಡಿಗ್ರಿಗೆ ಜೇನುಮೇಣ ಕರಗುವುದಿಲ್ಲ, ಮೆತ್ತಗಾಗುತ್ತದೆ. ಬಿಸಿಲು ಬೀಳುವ ಗೋಡೆ, ಮುಚ್ಚಿದ ಕಾರು, ತಗಡಿನ ಹತ್ತಿರದ ಅಟ್ಟ ಇವು ಮೂರನ್ನು ಬಿಟ್ಟು ಒಳಗೋಡೆಗೆ ತೂಗುಹಾಕಿ. ಒಂದರ ಮೇಲೊಂದು ಪೇರಿಸಿಡಬೇಡಿ. ಮೇಲೆ ಬೂದುಬಣ್ಣದ ಪೊರೆ ಕಂಡರೆ ಗನ್ನು ತೆಗೆಯಬೇಡಿ. ಮೃದುವಾದ ಹಳೆ ಪಂಚೆಯ ಬಟ್ಟೆಯಿಂದ ಒರೆಸಿ, ಹೊಳಪು ತಾನಾಗಿ ಬರುತ್ತದೆ.