ಕಾಲು ಸುಟ್ಟುಕೊಂಡವನ ಪ್ರವಾಸ

1797ರ ಬೇಸಿಗೆ. ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ನೆದರ್ ಸ್ಟೋವಿ ಎಂಬ ಹಳ್ಳಿ. ಕವಿ ಕೋಲ್‌ರಿಜ್‌ನನ್ನು ನೋಡಲು ಲಂಡನ್ನಿನಿಂದ ಗೆಳೆಯ ಚಾರ್ಲ್ಸ್ ಲ್ಯಾಂಬ್ ಬಂದಿದ್ದಾನೆ. ವರ್ಡ್ಸ್‌ವರ್ತ್, ಅವನ ತಂಗಿ ಡೊರೊತಿ ಕೂಡ ಇದ್ದಾರೆ. ಗುಡ್ಡ ಹತ್ತಿ ಸುತ್ತಾಡುವ ಉಮೇದು ಎಲ್ಲರಿಗೂ. ಅಷ್ಟರಲ್ಲಿ ಕೋಲ್‌ರಿಜ್‌ನ ಹೆಂಡತಿಯ ಕೈತಪ್ಪಿ ಕುದಿಯುವ ಹಾಲು ಅವನ ಕಾಲಮೇಲೆ ಚೆಲ್ಲಿತು. ಗೆಳೆಯರು ಹೊರಟರು, ಇವನು ಥಾಮಸ್ ಪೂಲ್ ಎಂಬ ಸ್ನೇಹಿತನ ತೋಟದಲ್ಲಿ, ಲೈಮ್ ಮರಗಳ ನೆರಳಲ್ಲಿ, ಮುಖ ಊದಿಸಿಕೊಂಡು ಕೂತ. ಈ ಲೈಮ್ ನಮ್ಮ ನಿಂಬೆಯಲ್ಲ, ಲಿಂಡನ್ ಎಂಬ ದೊಡ್ಡ ಮರ. ಕೂತಲ್ಲಿಂದಲೇ ಮನಸ್ಸಿನಲ್ಲಿ ಅವರ ಹಿಂದೆ ನಡೆದ. ಆ ನಡಿಗೆ 76 ಸಾಲಿನ ಪದ್ಯವಾಯಿತು.

ಇದಾಗಿ ಇನ್ನೂರು ವರ್ಷದ ಮೇಲೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಹೈಸ್ಕೂಲು ಮಕ್ಕಳು ಈ ಪದ್ಯವನ್ನು ಪರೀಕ್ಷೆಗೆಂದು ಓದಿದರು. ಹನ್ನೆರಡನೇ ತರಗತಿಯ ಕೊನೆಗೆ ಬರೆಯುವ ಎಚ್‌ಎಸ್‌ಸಿ ಪರೀಕ್ಷೆಯ ಇಂಗ್ಲಿಷ್ ಮೊದಲ ಪತ್ರಿಕೆಗೆ 2004ರಿಂದ 2008ರವರೆಗೆ ‘ಪಯಣ’ ಎಂಬುದೇ ಅಧ್ಯಯನದ ವಸ್ತು. ಅದಕ್ಕೆ ಮೂರು ಕವಲು: ಊರಿಂದೂರಿಗೆ ಹೋಗುವ ಪಯಣ, ಒಳಗಿನ ಪಯಣ, ಕಲ್ಪನೆಯ ಪಯಣ. ಕೊನೆಯ ಕವಲಿನಲ್ಲಿ ಕೋಲ್‌ರಿಜ್‌ನ ಪದ್ಯಗಳ ಜೊತೆಗೆ ಶೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’, ಆರ್ಸನ್ ಸ್ಕಾಟ್ ಕಾರ್ಡ್‌ನ ಕಾದಂಬರಿ ‘ಎಂಡರ್ಸ್ ಗೇಮ್’, ವಿಜ್ಞಾನಿಗಳ ಬಗ್ಗೆ ಮೆಲ್ವಿನ್ ಬ್ರ್ಯಾಗ್ ಬರೆದ ‘ಆನ್ ಜಯಂಟ್ಸ್ ಶೋಲ್ಡರ್ಸ್’, ರಾಬರ್ಟ್ ಜೆಮೆಕಿಸ್‌ನ ಸಿನಿಮಾ ‘ಕಾಂಟ್ಯಾಕ್ಟ್’ ಇದ್ದವು. ಒಂದನ್ನು ತರಗತಿಯಲ್ಲಿ ಓದಬೇಕಿತ್ತು. ಅದಕ್ಕೆ ಹೊಂದುವ ಬೇರೆ ಕೃತಿಗಳನ್ನು ವಿದ್ಯಾರ್ಥಿ ತಾನೇ ಹುಡುಕಿಕೊಳ್ಳಬೇಕಿತ್ತು.

ಪಟ್ಟಿ ಮಾಡಿದವರ ಬುದ್ಧಿವಂತಿಕೆಯನ್ನು ಮೆಚ್ಚಲೇಬೇಕು. ಕಲ್ಪನೆಯೆಂದರೆ ಕವಿಗಳ ಪಾಲು, ವಾಸ್ತವವೆಂದರೆ ವಿಜ್ಞಾನಿಗಳ ಪಾಲು ಎಂಬ ಹಳೆಯ ಬೇಲಿಯನ್ನು ಅವರು ಮುರಿದರು. ಬ್ರ್ಯಾಗ್‌ನ ಪುಸ್ತಕದಲ್ಲಿ ಬರುವ ಐನ್‌ಸ್ಟೈನ್, ಹದಿನಾರರ ಹುಡುಗನಾಗಿದ್ದಾಗ, ಬೆಳಕಿನ ಕಿರಣದ ಜೊತೆಜೊತೆಗೇ ಓಡಿದರೆ ಏನು ಕಂಡೀತು ಎಂದು ಯೋಚಿಸಿದವನು. ಪ್ರಯೋಗಾಲಯ ಬೇಕಾಗದ ಆ ಓಟ ಮುಂದೆ ಭೌತವಿಜ್ಞಾನದ ದಿಕ್ಕನ್ನೇ ಬದಲಿಸಿತು. ಇನ್ನು ‘ಕಾಂಟ್ಯಾಕ್ಟ್’ ಸಿನಿಮಾದ ನಾಯಕಿ ಎಲೀ ಆರೋವೇ. ಅವಳು ಕೂತ ಗೋಳ, ಬೇರೆ ಲೋಕಕ್ಕೆ ಕಳಿಸಲೆಂದು ಕಟ್ಟಿದ ಯಂತ್ರದ ನಡುವಿಂದ ಸೀದಾ ಕೆಳಗೆ ಬಿದ್ದದ್ದನ್ನು ಹೊರಗಿದ್ದವರೆಲ್ಲ ನೋಡಿದ್ದಾರೆ. ಕೆಲವೇ ಕ್ಷಣದ ಮಾತು. ಅವಳು ಮಾತ್ರ ಹದಿನೆಂಟು ಗಂಟೆ ಬೇರೆ ಲೋಕದಲ್ಲಿದ್ದೆ ಎನ್ನುತ್ತಾಳೆ. ಅವಳ ಕ್ಯಾಮೆರಾದಲ್ಲಿ ಚಿತ್ರವಿಲ್ಲ, ಬರೀ ಗೊರಗೊರ. ಆದರೆ ಆ ಗೊರಗೊರವೇ ಸುಮಾರು ಹದಿನೆಂಟು ಗಂಟೆಯಷ್ಟಿದೆ. ಹೋಗಿಬಂದದ್ದಕ್ಕೆ ಗಟ್ಟಿ ಸಾಕ್ಷಿಯಿಲ್ಲದ ಪಯಣವನ್ನು ನಂಬುವುದು ಹೇಗೆ? ಹದಿನೇಳರ ಹರೆಯದವರ ಮುಂದಿಡಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ.

ಕೆಟ್ಟದ್ದು ಪಟ್ಟಿಯಲ್ಲ, ಉತ್ತರದ ಅಚ್ಚು. ಆಗ ಪತ್ರಿಕೆಯಲ್ಲಿ ಮೂರು ಭಾಗ, ತಲಾ 15 ಅಂಕ, ಒಂದೊಂದಕ್ಕೆ 40 ನಿಮಿಷ. ಆ ನಲವತ್ತು ನಿಮಿಷದಲ್ಲಿ ಎರಡು ಮೂರು ಕೃತಿಗಳನ್ನು ಒಂದೇ ದಾರಕ್ಕೆ ಪೋಣಿಸಬೇಕೆಂದರೆ ದಾರ ಮೊದಲೇ ಸಿದ್ಧವಿರಬೇಕಲ್ಲ! ಆ ದಾರ ಇದು: ಪಯಣಿಗ ಹೊರಡುತ್ತಾನೆ, ಅಡ್ಡಿ ಎದುರಾಗುತ್ತದೆ, ಹೊಸ ಅರಿವು ಪಡೆದು ಮರಳುತ್ತಾನೆ. ‘ಟೆಂಪೆಸ್ಟ್’ನ ಪ್ರಾಸ್ಪೆರೊ ಕ್ಷಮೆ ಕಲಿತ, ಎಲೀ ನಂಬಿಕೆ ಕಲಿತಳು, ಕೋಲ್‌ರಿಜ್‌ನ ಇನ್ನೊಂದು ಪದ್ಯದ ಮುದಿ ನಾವಿಕ ಪಶ್ಚಾತ್ತಾಪ ಕಲಿತ. ರೂಪಕ ಇಷ್ಟು, ಪ್ರತಿಮೆ ಇಷ್ಟು ಎಂದು ಎಣಿಸಿ, ಪ್ರತಿ ಪ್ಯಾರಾದ ಕೊನೆಗೆ ‘ಪಯಣ’ ಎಂಬ ಮಾತನ್ನು ತುರುಕಿದರೆ ಪ್ರಬಂಧ ಮುಗಿಯಿತು. ಗೈಡು ನೋಡಿ ಉರು ಹೊಡೆದು ಬೆಳೆದ ನಮಗೆ ಈ ಅಡುಗೆ ಹೊಸದೇನಲ್ಲ. ಆದರೆ ಕಲ್ಪನೆಯ ಮೇಲಿನ ಪ್ರಬಂಧವನ್ನೇ ಕಲ್ಪನೆಯಿಲ್ಲದೆ ಬರೆಸುವುದು ಅಡುಗೆಮನೆಯಲ್ಲೇ ಉಪವಾಸ ಕೂರಿಸಿದ ಹಾಗೆ.

ಆ ಅಚ್ಚಿಗೆ ಕೋಲ್‌ರಿಜ್‌ನ ಪದ್ಯವನ್ನು ಒತ್ತಿ ನೋಡಿ. ಹೊರಟವನು ಯಾರು? ಕವಿ ಕೂತಲ್ಲಿಂದ ಏಳಲೇ ಇಲ್ಲ. ಮೊದಲು ಗೊಣಗುತ್ತಾನೆ: ಮುದಿತನದಲ್ಲಿ ಕಣ್ಣು ಮಂಜಾದಾಗಲೂ ನೆನೆದು ಸುಖಿಸಬಹುದಾದ ನೋಟಗಳೆಲ್ಲ ತಪ್ಪಿಹೋದವು ಎಂದು. ಆಮೇಲೆ ಗೆಳೆಯರ ಹಿಂದೆ ನಡುಹಗಲಲ್ಲೂ ಬಿಸಿಲು ಚುಕ್ಕೆಚುಕ್ಕೆಯಾಗಿಯಷ್ಟೇ ಬೀಳುವ ಕೊಳ್ಳಕ್ಕೆ ಇಳಿಯುತ್ತಾನೆ. ಅಲ್ಲಿ ಸೇತುವೆಯಂತೆ ಬಾಗಿದ ಮರ, ನೀರಿನ ತುಂತುರಿಗೆ ತೊಟ್ಟಿಕ್ಕುವ ಹಸಿರು ಕಳೆ. ಅಲ್ಲಿಂದ ಮೇಲೆ ಬಂದರೆ ಬಯಲು, ಆಕಾಶ, ದೂರದಲ್ಲಿ ಸಮುದ್ರ. ಈ ಹಾದಿಯಲ್ಲಿ ಎಲ್ಲೋ ಒಂದು ಕಡೆ ಗೊಣಗಾಟ ನಿಲ್ಲುತ್ತದೆ. ಯಾಕೆಂದರೆ ಅವನು ಈಗ ತನ್ನ ಕಣ್ಣಿಂದ ನೋಡುತ್ತಿಲ್ಲ, ಚಾರ್ಲ್ಸ್‌ನ ಕಣ್ಣಿಂದ ನೋಡುತ್ತಿದ್ದಾನೆ.

ಆ ಚಾರ್ಲ್ಸ್ ಯಾರೆಂದು ತಿಳಿದರೆ ಪದ್ಯದ ತೂಕ ತಿಳಿಯುತ್ತದೆ. ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಕಚೇರಿಯ ಗುಮಾಸ್ತ. ದಿನವಿಡೀ ಲೆಕ್ಕ ಬರೆಯುವವನು. ಹಿಂದಿನ ವರ್ಷವಷ್ಟೇ ಅವನ ಅಕ್ಕ ಮೇರಿ ಚಿತ್ತಸ್ವಾಸ್ಥ್ಯ ಕಳೆದುಕೊಂಡು ಹೆತ್ತ ತಾಯಿಯನ್ನೇ ಕೊಂದಿದ್ದಳು. ಆಕೆಯನ್ನು ನೋಡಿಕೊಳ್ಳುವ ಹೊಣೆ ಹೊತ್ತವನು ಈ ತಮ್ಮ. ಅಂಥವನು ಒಂದು ಸಂಜೆ ಬೆಟ್ಟದ ಮೇಲೆ ನಿಂತು ಸೂರ್ಯಾಸ್ತ ನೋಡುತ್ತಿದ್ದಾನೆ ಎಂದು ನೆನೆದಾಗಲೇ ಕೋಲ್‌ರಿಜ್‌ಗೆ ತನ್ನ ಸುಟ್ಟ ಕಾಲು ಮರೆತುಹೋಗುತ್ತದೆ. ಅದಾದ ಮೇಲೆ ಮೊದಲು ಸೆರೆಮನೆಯಂತಿದ್ದ ತೋಟವೇ ಕಣ್ಣಿಗೆ ಬೀಳತೊಡಗುತ್ತದೆ: ಎಲೆಯ ಮೇಲಿನ ಬೆಳಕು, ಅವರೆ ಜಾತಿಯ ಹೂವಿನಲ್ಲಿ ಗುಂಯ್‌ಗುಡುವ ಒಂಟಿ ದುಂಬಿ. ಕೊನೆಗೆ ಮನೆಗೆ ಮರಳುವ ಒಂದು ಕಾಗೆಜಾತಿಯ ಹಕ್ಕಿ. ತನ್ನ ತಲೆಯ ಮೇಲೆ ಹಾರಿದ ಅದು ಚಾರ್ಲ್ಸ್‌ಗೂ ಕಂಡಿರಬಹುದು ಎಂದುಕೊಂಡು ಅದನ್ನು ಹರಸುತ್ತಾನೆ.

ಇಲ್ಲಿ ಕಲ್ಪನೆ ಪ್ರಯಾಣ ಬೆಳೆಸಿದ್ದು ದೂರದ ಊರಿಗಲ್ಲ, ಇನ್ನೊಬ್ಬನ ಸುಖಕ್ಕೆ. ‘ಈ ಪಯಣದಿಂದ ಪಯಣಿಗನಿಗೆ ಏನು ದಕ್ಕಿತು’ ಎಂಬ ಪರೀಕ್ಷೆಯ ಪ್ರಶ್ನೆ ಲಾಭನಷ್ಟದ ಪ್ರಶ್ನೆ. ಈ ಪದ್ಯವನ್ನು ಆ ಖಾತೆಗೆ ಬರೆಯಲಾಗದು. ಕನ್ನಡದ ಓದುಗರಿಗೆ ಇದು ಬೇಗ ಹೊಳೆಯುತ್ತದೆ. ಬೇಂದ್ರೆ ಕನ್ನಡಕ್ಕೆ ತಂದ ‘ಮೇಘದೂತ’ ನಮ್ಮ ಕೈಯಲ್ಲಿದೆ. ರಾಮಗಿರಿಯಲ್ಲಿ ಶಾಪಕ್ಕೆ ಸಿಕ್ಕು ಕೂತ ಯಕ್ಷನೂ ಹೆಜ್ಜೆ ಕದಲಿಸದೆ ಮೋಡಕ್ಕೆ ಅಲಕೆಯವರೆಗೆ ದಾರಿ ಹೇಳುತ್ತಾನೆ. ಆ ದಾರಿಯುದ್ದಕ್ಕೂ ಮೋಡ ಎಲ್ಲಿ ದಣಿವಾರಿಸಿಕೊಳ್ಳಬೇಕು, ಯಾವ ನದಿಯ ನೀರು ಕುಡಿಯಬೇಕು ಎಂಬುದೇ ಅವನ ಚಿಂತೆ. ದೂರವಿರುವವರ ಮೇಲಿನ ಅಕ್ಕರೆ ಇಲ್ಲದಿದ್ದರೆ ಆ ಪ್ರವಾಸವೂ ಬರೀ ಭೂಗೋಳ.

ಅಚ್ಚಿಗೆ ಒಗ್ಗದ ಕೃತಿಗಳು ಪಟ್ಟಿಯಲ್ಲಿ ಇನ್ನೂ ಇದ್ದವು. ‘ಎಂಡರ್ಸ್ ಗೇಮ್’ನ ಹುಡುಗ ತಾನು ಆಟ ಆಡುತ್ತಿದ್ದೇನೆ ಎಂದೇ ತಿಳಿದು ಒಂದು ಜೀವಕುಲವನ್ನೇ ಅಳಿಸಿಹಾಕುತ್ತಾನೆ. ಅದು ನಿಜವಾದ ಯುದ್ಧವಾಗಿತ್ತೆಂದು ದೊಡ್ಡವರು ಆಮೇಲೆ ಹೇಳುತ್ತಾರೆ. ಇದೂ ಕಲ್ಪನೆಯ ಪಯಣವೇ. ಆದರೆ ಬೇರೆಯವರು ಅವನನ್ನು ಕಣ್ಣುಕಟ್ಟಿ ಕಳಿಸಿದ್ದು. ‘ಟೆಂಪೆಸ್ಟ್’ನಲ್ಲಿ ಎಲ್ಲರೂ ದ್ವೀಪ ಬಿಟ್ಟು ಹೊರಡಲು ಸಿದ್ಧರಾದಾಗ ಆ ದ್ವೀಪದವನೇ ಆದ ಕ್ಯಾಲಿಬನ್‌ನ ಗತಿಯೇನು ಎಂದು ನಾಟಕ ಸ್ಪಷ್ಟವಾಗಿ ಹೇಳುವುದಿಲ್ಲ. ಪ್ರಾಸ್ಪೆರೊನ ಯಾತ್ರೆ ಮುಗಿಯಿತೆಂದು ಚಪ್ಪಾಳೆ ತಟ್ಟುವ ಉತ್ತರ ಕ್ಯಾಲಿಬನ್‌ನ ಕಡೆ ತಿರುಗಿಯೂ ನೋಡುವುದಿಲ್ಲ. ಆ ನಾಟಕವೇ ಕುವೆಂಪು ಕೈಯಲ್ಲಿ ‘ಬಿರುಗಾಳಿ’ಯಾಗಿ ಕನ್ನಡಕ್ಕೆ ಬಂತು. ಕೃತಿಯೊಂದು ಭಾಷೆ ದಾಟಿ ಬೇರೆ ನೆಲದಲ್ಲಿ ಬೇರೂರುವುದೂ ಕಲ್ಪನೆಯ ಪಯಣವೇ.

ಮೂರು ಕವಲಿನ ವಿಂಗಡಣೆಯೂ ಪಾಠಕ್ಕೆ ಅನುಕೂಲ, ಓದಿಗೆ ತೊಡಕು. ಕೋಲ್‌ರಿಜ್‌ನ ಮುದಿ ನಾವಿಕ ನಿಜವಾದ ಹಡಗು ಹತ್ತಿದವನು, ಭೂತಪ್ರೇತಗಳ ಲೋಕ ಕಂಡವನು, ಒಳಗೊಳಗೇ ಬೆಂದವನು. ಅವನನ್ನು ಯಾವ ಕಪಾಟಿಗೆ ಸೇರಿಸುವುದು?

2009ರಲ್ಲಿ ‘ಪಯಣ’ ಹೋಗಿ ‘ಬಿಲಾಂಗಿಂಗ್’ ಬಂತು, 2015ರಲ್ಲಿ ‘ಡಿಸ್ಕವರಿ’. ವಸ್ತು ಬದಲಾದರೂ ಪರಿಕಲ್ಪನೆಯೊಂದನ್ನು ಮುಂದಿಟ್ಟು ಕೃತಿಗಳನ್ನು ಅದಕ್ಕೆ ಪುರಾವೆಯಾಗಿ ಕರೆಸುವ ಪದ್ಧತಿ ಉಳಿಯಿತು. ನನ್ನ ತೀರ್ಮಾನ ಇಷ್ಟೇ: ಕಲ್ಪನೆಯ ಪಯಣ ಎಂಬುದು ಪ್ರಶ್ನೆಯಾಗಿ ಬಲು ಒಳ್ಳೆಯದು, ಸಿದ್ಧ ಉತ್ತರವಾಗಿ ಬಡಕಲು. ಮೇಷ್ಟ್ರುಗಳು ‘ಏನು ಕಲಿತೆ’ ಎಂದು ಕೇಳುವ ಮೊದಲು ‘ಯಾರ ಕಣ್ಣಿಂದ ನೋಡಿದೆ’ ಎಂದು ಒಮ್ಮೆ ಕೇಳಲಿ. ಮಾದರಿ ಪ್ರಬಂಧ ಬಾಯಿಪಾಠ ಮಾಡಿದವರಿಗೂ ಒಂದು ಮಾತು: ಪರೀಕ್ಷೆ ಮುಗಿದ ಮೇಲಾದರೂ ಆ ಪದ್ಯವನ್ನು ಇನ್ನೊಮ್ಮೆ ಓದಿ. ಹತ್ತು ನಿಮಿಷ ಸಾಕು, ಅಂಕ ಯಾರೂ ಕೊಡುವುದಿಲ್ಲ.