ಎಂಕಾ ಕೇಳಲು ಕೂತಾಗ

ಜಪಾನಿನ ಜನಪ್ರಿಯ ಹಾಡಿನ ಬಗೆಯಾದ ಎಂಕಾವನ್ನು ಮೊದಲ ಸಲ ಕೇಳಿದವರು ‘ಇದೇನಪ್ಪ, ಬರೀ ಗೋಳು’ ಎಂದು ಎದ್ದುಹೋಗುವುದುಂಟು. ನಾನೂ ಹಾಗೆ ಎದ್ದವನೇ. ಕಿಮೋನೊ ಉಟ್ಟ ಗಾಯಕಿ, ಹಿಂದೆ ದೊಡ್ಡ ವಾದ್ಯಮೇಳ. ಹಾಡಿನ ತುಂಬ ಮಳೆ, ಹಿಮ, ಬಂದರು, ಸಾಕೆ ಮದ್ಯ, ಕೈಬಿಟ್ಟು ಹೋದ ಗಂಡಸು. ಎರಡು ಹಾಡು ಮುಗಿಯುವಷ್ಟರಲ್ಲಿ ಮೂರನೆಯದರಲ್ಲಿ ಏನಿರುತ್ತದೆಂದು ಹೇಳಿಬಿಡಬಹುದು. ಹಾಗೆ ನೋಡಿದರೆ ಯಕ್ಷಗಾನದಲ್ಲಿ ‘ಗದಾಯುದ್ಧ’ದ ಆಟಕ್ಕೆ ಹೊರಟವನಿಗೆ ದುರ್ಯೋಧನನ ತೊಡೆ ಮುರಿಯುತ್ತದೆಂದು ಗೊತ್ತಿರುವುದಿಲ್ಲವೇ? ಗೊತ್ತಿದ್ದೇ ಹೋಗಿ ಬೆಳಗಿನವರೆಗೆ ಕೂರುತ್ತಾನೆ. ಎಂಕಾದ ರಸಿಕನೂ ಅದೇ ಜಾತಿಯವನು. ಅವನು ಕಾಯುವುದು ಕಥೆಗಲ್ಲ. ಗೊತ್ತಿರುವ ದುಃಖವನ್ನು ಗಾಯಕಿ ಎಲ್ಲಿ ತಡೆಹಿಡಿಯುತ್ತಾಳೆ, ಎಲ್ಲಿ ಕೈಸಡಿಲಿಸುತ್ತಾಳೆ ಎಂಬುದಕ್ಕೆ.

ಹೊಸಬರು ಹತ್ತು ಗಾಯಕರನ್ನು ಒಟ್ಟಿಗೆ ಹಚ್ಚಿಕೊಳ್ಳುವುದು ಬೇಡ. ಇಶಿಕಾವಾ ಸಯುರಿಯೊಬ್ಬಳನ್ನು ಹಿಡಿಯಿರಿ. 1958ರಲ್ಲಿ ದಕ್ಷಿಣದ ಕುಮಾಮೊತೊದಲ್ಲಿ ಹುಟ್ಟಿ, 1973ರಲ್ಲಿ, ಹದಿನೈದರ ಹುಡುಗಿಯಾಗಿದ್ದಾಗಲೇ ಮೊದಲ ಧ್ವನಿಮುದ್ರಿಕೆ ತಂದವಳು. ಅವಳ ಹೆಸರನ್ನು ಮನೆಮನೆಗೆ ತಲುಪಿಸಿದ್ದು 1977ರ ಮೊದಲ ದಿನ ಬಿಡುಗಡೆಯಾದ ‘ತ್ಸುಗಾರು ಕಾಯ್ಕ್ಯೊ ಫುಯುಗೆಶಿಕಿ’. ತ್ಸುಗಾರು ಜಲಸಂಧಿಯ ಚಳಿಗಾಲದ ನೋಟ ಎಂದು ಅರ್ಥ. ಸಾಹಿತ್ಯ ಅಕು ಯು ಅವರದು, ರಾಗ ಮಿಕಿ ತಾಕಾಶಿ ಅವರದು. ಹಾಡಿದಾಗ ಅವಳಿಗೆ ಹತ್ತೊಂಬತ್ತು ಕೂಡ ತುಂಬಿರಲಿಲ್ಲ.

ಈ ಹಾಡನ್ನು ಕೇಳುವ ಮುಂಚೆ ಭೂಪಟ ತೆರೆದುಕೊಳ್ಳಿ, ತಮಾಷೆಗೆ ಹೇಳುತ್ತಿಲ್ಲ. ಟೋಕಿಯೋದ ಉಎನೊ ನಿಲ್ದಾಣ ಆಗ ಉತ್ತರದ ಊರುಗಳಿಗೆ ಹೋಗುವ ರೈಲುಗಳ ಹೆಬ್ಬಾಗಿಲಾಗಿತ್ತು. ಯುದ್ಧಾನಂತರದ ದಶಕಗಳಲ್ಲಿ ಬಡ ಉತ್ತರದ ಹಳ್ಳಿಗಳಿಂದ ಕೂಲಿಗೆಂದು, ಕಾರ್ಖಾನೆ ಕೆಲಸಕ್ಕೆಂದು ಬಂದವರು ಇಳಿಯುತ್ತಿದ್ದುದೂ ಇಲ್ಲೇ, ಊರು ನೆನೆದು ಮರಳಿ ಹತ್ತುತ್ತಿದ್ದುದೂ ಇಲ್ಲೇ. ಮುಖ್ಯದ್ವೀಪದ ಉತ್ತರದ ತುದಿಯಲ್ಲಿ ಅಒಮೊರಿ. ಆಗೆಲ್ಲ ಅಲ್ಲಿ ರೈಲು ಇಳಿದು ಹಡಗು ಹತ್ತಿದರೆ ಜಲಸಂಧಿ ದಾಟಿ ಸುಮಾರು ನಾಲ್ಕು ತಾಸಿಗೆ ಹೊಕ್ಕೈಡೊ ದ್ವೀಪದ ಹಕೊದಾತೆ. ಅಕು ಯು ಮಾಡಿದ ಚಮತ್ಕಾರ ನೋಡಿ: ಉಎನೊದಿಂದ ಅಒಮೊರಿಗೆ ಏಳುನೂರು ಕಿಲೋಮೀಟರಿಗೂ ಮಿಕ್ಕ ರಾತ್ರಿಯ ದಾರಿಯನ್ನು ಮೊದಲ ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ರೈಲು ಹೊರಟಿದ್ದು ಕಾಣುವುದಿಲ್ಲ, ಇಳಿದಿದ್ದು ಮಾತ್ರ ಕಾಣುತ್ತದೆ. ಇಳಿದಾಗ ನಿಲ್ದಾಣ ಹಿಮದಲ್ಲಿದೆ. ಉತ್ತರಕ್ಕೆ ಮರಳುವ ಜನರ ಗುಂಪು ತುಟಿ ಬಿಚ್ಚುತ್ತಿಲ್ಲ, ಕಡಲ ಮೊರೆತವೊಂದೇ ಕಿವಿಗೆ. ಹಾಡಿನ ಹೆಣ್ಣು ಬಿಟ್ಟು ಬಂದವನು ಯಾರು, ಯಾಕೆ ಬಿಟ್ಟಳು? ಒಂದಕ್ಕೂ ಉತ್ತರವಿಲ್ಲ. ಗೋಳು ಎಂದು ನಾನು ಎದ್ದುಹೋದ ಹಾಡಿನಲ್ಲಿ ದೂರುವ ಮಾತು ಇಷ್ಟು ಕಡಿಮೆ ಇದೆಯೆಂದು ಆಮೇಲೆ ಅನುವಾದ ಓದಿದಾಗಲೇ ನನಗೆ ಗೊತ್ತಾಗಿದ್ದು.

ಈಗ ರಾಗಕ್ಕೆ ಕಿವಿಗೊಡಿ. ಮಿಕಿ ತಾಕಾಶಿ ಪದಗಳನ್ನು ಮೂರು ಮೂರು ಸ್ವರದ ಗೊಂಚಲುಗಳಾಗಿ ಪೋಣಿಸಿದ್ದಾರೆ. ನಮ್ಮ ಲೆಕ್ಕದಲ್ಲಿ ತಿಶ್ರ ನಡೆ, ‘ತಕಿಟ ತಕಿಟ’. ಬೆರಳಲ್ಲಿ ಎಣಿಸುತ್ತ ಕೇಳಿದರೆ ಒಬ್ಬಳು ತಲೆ ತಗ್ಗಿಸಿ ಬಿರಬಿರನೆ ನಡೆದು ಹೋಗುತ್ತಿರುವಂತೆ ಅನಿಸುತ್ತದೆ, ನಿಂತರೆ ಅಳು ಬಂದೀತೆಂಬ ಭಯದಲ್ಲಿ. ಹಾಡಿನ ಹೆಸರೇ ಬರುವ ಕೊನೆಯ ಸಾಲಿಗೆ ಬಂದಾಗಲೇ ಸ್ವರಗಳು ನೀಳವಾಗುವುದು. ಅಲ್ಲಿಯ ತನಕ ಅವಳು ಹಿಡಿದಿಟ್ಟಿದ್ದು ಅಲ್ಲಿ ಬಿಡುಗಡೆಯಾಗುತ್ತದೆ.

ಆ ನೀಳ ಸ್ವರದ ಮೇಲೆ ಗಂಟಲು ಮಾಡುವ ಸಣ್ಣ ತಿರುವಿಗೆ ‘ಕೊಬುಶಿ’ ಎನ್ನುತ್ತಾರೆ. ಗಮಕದ ದೂರದ ನೆಂಟ ಎಂದುಕೊಂಡರೆ ಸಾಕು, ಒಂದೇ ಎಂದುಕೊಳ್ಳಬೇಡಿ. ನಮ್ಮಲ್ಲಿ ಗಮಕವಿಲ್ಲದೆ ರಾಗವೇ ನಿಲ್ಲದು. ಕೊಬುಶಿಯನ್ನು ಪೂರಾ ತೆಗೆದರೂ ಎಂಕಾದ ರಾಗ ಉಳಿಯುತ್ತದೆ, ಉಪ್ಪು ಮಾತ್ರ ಹೋಗುತ್ತದೆ. ಉಪ್ಪು ಎಂದ ಮೇಲೆ ಅಳತೆಯೂ ಬೇಕಲ್ಲ. ಸಾಲಿಗೆ ನಾಲ್ಕು ಕೊಬುಶಿ ಸುರಿಯುವ ಗಾಯಕರಿದ್ದಾರೆ, ನನಗೆ ಅವರು ಒಗ್ಗುವುದಿಲ್ಲ. ಗಂಟಲನ್ನು ಒತ್ತಿ ಹೊರಡಿಸುವ ಗುರುಗುಡುವಿಕೆ ‘ಉನಾರಿ’. ಅದಕ್ಕೆ ಹೆಸರಾದವಳು ಮಿಯಾಕೊ ಹರುಮಿ. ಜಪಾನಿ ಪದಗಳು ಬಹುಮಟ್ಟಿಗೆ ನಮ್ಮ ಪದಗಳಂತೆಯೇ ಸ್ವರಾಕ್ಷರದಲ್ಲಿ ಮುಗಿಯುವುದರಿಂದ ಈ ತಿರುವುಗಳಿಗೆಲ್ಲ ಸಾಲಿನ ಕೊನೆಯಲ್ಲಿ ಧಾರಾಳವಾಗಿ ಜಾಗವಿದೆ. ಕನ್ನಡದ ಕಿವಿ ಅದನ್ನು ಬೇಗ ಹಿಡಿಯುತ್ತದೆ.

ಸ್ವರಗಳ ವಿಚಾರದಲ್ಲೂ ನಾವು ಪೂರಾ ಪರಕೀಯರಲ್ಲ. ಎಂಕಾ ಬಹಳವಾಗಿ ನೆಚ್ಚುವ ಎರಡು ಐದು-ಸ್ವರದ ಮೇಳಗಳಿಗೆ ‘ಯೊನಾನುಕಿ’ ಎಂದು ಹೆಸರು, ಅಂದರೆ ನಾಲ್ಕನೆಯದನ್ನೂ ಏಳನೆಯದನ್ನೂ ಬಿಟ್ಟದ್ದು. ಮೇಜರ್ ಜಾತಿಯದು ನಮ್ಮ ಮೋಹನದ ಸ್ವರಗಳೇ. ಮೈನರ್ ಜಾತಿಯದು ಬೇಕೆಂದರೆ ಶಿವರಂಜನಿಯ ಧೈವತವನ್ನು ಶುದ್ಧ ಧೈವತಕ್ಕೆ ಇಳಿಸಿ ಹಾರ್ಮೋನಿಯಂ ಮೇಲೆ ಸರಿಗಪದಸ ನುಡಿಸಿ. ಪಂಚಮದ ನೆತ್ತಿಯ ಮೇಲೆ ಕೂತ ಆ ಧೈವತವೇ ಎಂಕಾದ ಅರ್ಧ ವಿಷಾದ. 1931ರ ಸುಮಾರಿಗೆ ಕೊಗಾ ಮಸಾವೊ ಗಿಟಾರಿನ ಜೊತೆ ಈ ಬಗೆಯ ರಾಗಗಳನ್ನು ಜನಪ್ರಿಯ ಮಾಡಿದರು. ಆಗಿನ್ನೂ ಅವಕ್ಕೆ ಎಂಕಾ ಎಂಬ ಹೆಸರಿರಲಿಲ್ಲ. 1880ರ ದಶಕದಲ್ಲಿ ಎಂಕಾ ಎಂದರೆ ಭಾಷಣಕ್ಕೆ ತಡೆಯಿದ್ದಾಗ ಬೀದಿಯಲ್ಲಿ ಹಾಡುತ್ತಿದ್ದ ರಾಜಕೀಯದ ಪದ. ಅದೇ ಹೆಸರು ಈಗಿನ ಅರ್ಥಕ್ಕೆ ಅಂಟಿಕೊಂಡಿದ್ದು 1960ರ ದಶಕದ ಕೊನೆಯ ಹೊತ್ತಿಗೆ.

ಎರಡನೆಯ ಹಾಡು ‘ಅಮಗಿ-ಗೊಎ’, 1986ರದು. ಅಮಗಿ ಘಾಟಿ ದಾಟುವುದು ಎನ್ನಬಹುದು. ಯೊಶಿಯೊಕಾ ಒಸಾಮು ಬರೆದದ್ದು, ಗೆನ್ ತೆತ್ಸುಯಾ ಸಂಯೋಜನೆ. ಮೊದಲನೆಯದರಲ್ಲಿ ಹಿಮಗಟ್ಟಿದ್ದು ಇಲ್ಲಿ ಬೆಂಕಿಯಾಗಿದೆ. ತನ್ನವನಲ್ಲದ ಗಂಡಸಿನ ಮೋಹಕ್ಕೆ ಸಿಕ್ಕಿದ ಹೆಣ್ಣು. ಇನ್ನೊಬ್ಬಳಿಗೆ ಬಿಟ್ಟುಕೊಡುವುದಕ್ಕಿಂತ ಕೊಂದೇಬಿಡಲೇ ಎನ್ನುವವರೆಗೂ ಮಾತು ಹೋಗುತ್ತದೆ. ಇಜು ಪರ್ಯಾಯದ್ವೀಪದ ಜೊರೆನ್ ಜಲಪಾತ, ವಾಸಾಬಿ ಬೆಳೆಯುವ ತೊರೆ, ಕಲ್ಲು ಕಟ್ಟಿದ ಹಳೆಯ ಸುರಂಗ ಒಂದೊಂದಾಗಿ ಬರುತ್ತವೆ. ಕಾವಾಬಾತಾ ಅವರ ‘ಇಜುವಿನ ನರ್ತಕಿ’ ಓದಿದವರಿಗೆ ಈ ಸುರಂಗದ ಪರಿಚಯವಿದೆ. ಆ ಕಥೆಯ ಹುಡುಗ ಇದೇ ದಾರಿ ಹಿಡಿದು ಹೋದವನು. ಅವನ ಕಣ್ಣಿಗೆ ಕಂಡದ್ದಕ್ಕೂ ಇವಳ ಕಣ್ಣಿಗೆ ಕಂಡದ್ದಕ್ಕೂ ಅಜಗಜಾಂತರ. ಹಾಡನ್ನು ಕೇಳುವಾಗ ಆರಂಭದ ಪಿಸುದನಿಯನ್ನು ಬಿಡಬೇಡಿ. ಮುಂದೆ ಉಕ್ಕುವುದು ಎಲ್ಲರಿಗೂ ಕೇಳಿಸುತ್ತದೆ, ರಸಿಕನ ಕಿವಿ ಇರಬೇಕಾದ್ದು ಉಕ್ಕುವ ಮುಂಚಿನ ಆ ಮಂದ್ರದಲ್ಲಿ. ಬೇಸ್‌ಬಾಲ್ ಆಟಗಾರ ಇಚಿರೊ 2008ರಲ್ಲಿ ಅಮೆರಿಕದ ಮೈದಾನದಲ್ಲಿ ಬ್ಯಾಟ್ ಹಿಡಿದು ಬರುವಾಗ ಹಾಕಿಸುತ್ತಿದ್ದದ್ದು ಈ ಹಾಡನ್ನೇ.

ಡಿಸೆಂಬರ್ 31ರ ರಾತ್ರಿ ಎನ್‌ಎಚ್‌ಕೆ ವಾಹಿನಿಯಲ್ಲಿ ಕೆಂಪು ಬಿಳಿ ತಂಡಗಳ ‘ಕೊಹಾಕು’ ಹಾಡಿನ ಸ್ಪರ್ಧೆ ಬರುತ್ತದೆ. 2007ರಿಂದ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಸಯುರಿ ಅಲ್ಲಿ ಈ ಎರಡೇ ಹಾಡುಗಳನ್ನು ಒಂದು ವರ್ಷ ಇದು, ಒಂದು ವರ್ಷ ಅದು ಎಂದು ಹಾಡುತ್ತ ಬಂದಳು. ನಿಮ್ಮ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. 1977ರ ತ್ಸುಗಾರು ಹಾಕಿ, ಅದರ ಬೆನ್ನಿಗೇ ಅವಳು ಅರವತ್ತು ದಾಟಿದ ಮೇಲಿನದನ್ನು ಹಾಕಿ. ಹುಡುಗಿಯ ದನಿ ಸಲೀಸಾಗಿ ಮೇಲೇರುತ್ತದೆ. ಹಿರಿಯಳು ಏರುವ ಮುಂಚೆ ಉಸಿರಿನಷ್ಟು ತಡೆಯುತ್ತಾಳೆ. ನಡುವೆ ಹಾಡಿನೊಳಗಿನ ಹಡಗೇ ನಿಂತುಹೋಗಿದೆ. 1988ರ ಮಾರ್ಚಿನಲ್ಲಿ ಕಡಲಡಿಯ ಸೇಕಾನ್ ಸುರಂಗದಲ್ಲಿ ರೈಲು ಓಡತೊಡಗಿ, ಎಂಬತ್ತು ವರ್ಷ ಓಡಾಡಿದ ರೈಲ್ವೆ ಹಡಗುಗಳು ಲಂಗರು ಹಾಕಿದವು. ಅವುಗಳಲ್ಲೊಂದು, ಹಕ್ಕೊದಾ-ಮಾರು, ಅಒಮೊರಿಯ ದಡದಲ್ಲಿ ಸಂಗ್ರಹಾಲಯವಾಗಿ ನಿಂತಿದೆ. ಪಕ್ಕದಲ್ಲೊಂದು ಸ್ಮಾರಕಶಿಲೆ, ಹತ್ತಿರ ಹೋದರೆ ತಾನೇ ಹಾಡತೊಡಗುತ್ತದೆ.

ಇಷ್ಟು ಒಗ್ಗಿದ ಮೇಲೆ ಮೂರನೆಯದಾಗಿ ‘ನೊತೊ ಹಾಂತೊ’ ಕೇಳಿ. ಅದೂ 1977ರದೇ, ಅದೇ ಅಕು ಯು, ಅದೇ ಮಿಕಿ ತಾಕಾಶಿ. ಪ್ರೀತಿಯ ಬೆನ್ನು ಹತ್ತಿ ನೊತೊ ಪರ್ಯಾಯದ್ವೀಪಕ್ಕೆ ಹೊರಟ ಹುಡುಗಿಯ ಹಾಡು. ತ್ಸುಗಾರುವಿನ ನೆರಳಲ್ಲಿ ಉಳಿದದ್ದರಿಂದ ನಾನೂ ಬಹಳ ಕಾಲ ಅದನ್ನು ಎರಡನೇ ಸಾಲಿನಲ್ಲೇ ಕೂರಿಸಿದ್ದೆ. 2024ರ ಜನವರಿ 1ರಂದು ನೊತೊದಲ್ಲಿ ಭಾರೀ ಭೂಕಂಪವಾಯಿತು. ಆ ವರ್ಷದ ಕೊನೆಯ ರಾತ್ರಿ ಕೊಹಾಕು ವೇದಿಕೆಯಲ್ಲಿ ಸಯುರಿ ಎರಡು ಹಾಡುಗಳ ಸರದಿಯನ್ನು ಬದಿಗಿಟ್ಟು ಇದನ್ನು ಹಾಡಿದಳು. ಹಾಡಿನಲ್ಲಿ ಭೂಕಂಪದ ಸುಳಿವೂ ಇಲ್ಲ. ಒಬ್ಬ ಹುಡುಗಿ, ಒಂದು ಪಯಣ, ಪಲ್ಲವಿಯಲ್ಲಿ ಊರಿನ ಹೆಸರು. ಅದನ್ನು ಕೇಳುವಾಗ ಹೆಸರು ಬರುವ ಜಾಗಕ್ಕೆ ಕಾಯಿರಿ.