ಬಳ್ಳಾರಿ ಮಾಳಿಗೆಯ ಆಂಡ್ರೊಮಿಡಾ

ಆಂಡ್ರೊಮಿಡಾ ಗ್ಯಾಲಕ್ಸಿಯ ಮೂರು ಫೋಟೋ ನನ್ನ ಮುಂದಿವೆ, ಮೂರೂ ಒಬ್ಬರೇ ಹವ್ಯಾಸಿ ತೆಗೆದದ್ದು. ಒಂದು ಬಳ್ಳಾರಿಯ ಮನೆ ಮಾಳಿಗೆಯಿಂದ. ಇನ್ನೊಂದು ಕುರುಗೋಡು ದಾಟಿ ಸಿರುಗುಪ್ಪ ಕಡೆಯ ಗದ್ದೆ ಬದುವಿನಿಂದ. ಮೂರನೆಯದು ಮಾಳಿಗೆಯದೇ, ಸಾಫ್ಟ್‌ವೇರಿನಲ್ಲಿ ತೊಳೆದು ಬಣ್ಣ ಬಳಿದದ್ದು. ಲೈಕು ಬಿದ್ದಿರೋದೆಲ್ಲ ಅದಕ್ಕೇ. ನನಗೆ ಹಿಡಿಸದೇ ಇರೋದೂ ಅದೊಂದೇ.

ಮಾಳಿಗೆಯ ಚಿತ್ರ ಬೂದಿ ಬಣ್ಣದ್ದು. ನಡುವೆ ಬೆಣ್ಣೆ ಮುದ್ದೆಯಂಥ ಬೆಳಕು, ಅದು ಗ್ಯಾಲಕ್ಸಿಯ ಒಡಲ ಭಾಗ ಅಷ್ಟೆ. ಪೂರ್ತಿ ಆಂಡ್ರೊಮಿಡಾ ಆರು ಹುಣ್ಣಿಮೆ ಚಂದ್ರರನ್ನ ಸಾಲಾಗಿಟ್ಟಷ್ಟು ಉದ್ದ. ಆದರೆ ಅಂಚಿನ ಸುರುಳಿಗಳು ಊರಿನ ಆಕಾಶಕ್ಕಿಂತ ಎಷ್ಟೋ ಮಂಕು. 30 ಸೆಕೆಂಡಿನ 120 ಫೋಟೋ ಪೇರಿಸಿದ್ದಾರೆ, ಅಂದರೆ ಒಂದು ತಾಸಿನ ಬೆಳಕು. ಪೇರಿಸಿದರೆ ಲಾಭ ಉಂಟು, ಆದರೆ ವರ್ಗಮೂಲದ ಲೆಕ್ಕದಲ್ಲಿ: ನಾಯ್ಸ್ ಅನ್ನೋ ಕಾಳುಕಾಳು ಅರ್ಧ ಆಗಬೇಕಾದರೆ ನಾಲ್ಕು ಪಟ್ಟು ಫೋಟೋ ಬೇಕು. ಊರ ಆಕಾಶ ಗದ್ದೆಯದಕ್ಕಿಂತ ಹತ್ತು ಪಟ್ಟು ಬೆಳಗಿದ್ದರೆ, ಅಲ್ಲಿಯ ಒಂದು ತಾಸಿಗೆ ಇಲ್ಲಿ ಹತ್ತು ತಾಸು. ಫಿಲ್ಟರ್ ಹಾಕ್ರಿ ಅನ್ನೋರಿದ್ದಾರೆ. ಹಳೇ ಸೋಡಿಯಂ ದೀಪದ ಹಳದಿಯನ್ನ ಅದು ತಡೀತಿತ್ತು. ಎಲ್‌ಇಡಿಯ ಬಿಳಿ ಎಲ್ಲಾ ಬಣ್ಣಕ್ಕೂ ಹರಡಿಕೊಂಡಿದೆ, ಗ್ಯಾಲಕ್ಸಿಯ ಬೆಳಕೂ ಹಾಗೇ. ಜರಡಿ ಹಿಡಿದರೆ ಕಾಳು ಜೊಳ್ಳು ಎರಡೂ ಸೋರ್ತವೆ.

ಗದ್ದೆಯ ಚಿತ್ರದಲ್ಲಿ ಧೂಳಿನ ಕಪ್ಪು ಪಟ್ಟಿ ಕೂಡ ಬಂದಿದೆ. ಜಾಗ ಆರಿಸಿದ್ದು ಜಾಣತನ: ನವೆಂಬರಿನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಆಂಡ್ರೊಮಿಡಾ ಉತ್ತರಕ್ಕೆ ಸಾಕಷ್ಟು ಎತ್ತರದಲ್ಲಿರುತ್ತೆ, ಬಳ್ಳಾರಿಯ ಬೆಳಕು ದಕ್ಷಿಣಕ್ಕೆ, ಬೆನ್ನ ಹಿಂದೆ. ಯಾವುದೋ ಅಕ್ಕಿ ಮಿಲ್ಲಿನ ದೀಪ ಒಂದು ಮೂಲೆ ಕೆಡಿಸಿದೆ, ಇರಲಿ.

ಮೂರನೆಯದರಲ್ಲಿ ಕಡುಗಪ್ಪು ಆಕಾಶ, ನೀಲಿ ಸುರುಳಿಗಳು. ಹಿನ್ನೆಲೆಯ ಹೊಳಪು ಕಳೆಯೋದು ತಪ್ಪಲ್ಲ, ಎಲ್ಲರೂ ಮಾಡ್ತಾರೆ. ಆದರೆ ಈ ಸುರುಳಿಗಳು ಮಾಳಿಗೆಯ 120 ಫೋಟೋದಲ್ಲಿ ಇಲ್ಲವೇ ಇಲ್ಲ. ಬೇರೆಯವರ ಚಿತ್ರ ನೋಡಿ ಕಲಿತ ತಂತ್ರಾಂಶ, ಹೀಗಿರಬೇಕು ಅಂತ ಊಹಿಸಿ ತುಂಬಿದೆ. 25 ಲಕ್ಷ ವರ್ಷ ನಡೆದು ಬಂದ ಬೆಳಕಿನ ಜೊತೆ ಬಾರದೇ ಇರೋ ಬೆಳಕನ್ನೂ ಕೂಡಿಸಿದ ಹಾಗೆ. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಇದೇ ಆಂಡ್ರೊಮಿಡಾವನ್ನ ಮೌಂಟ್ ವಿಲ್ಸನ್ನಿನಿಂದ ಗಾಜಿನ ಪ್ಲೇಟಿಗೆ ಇಳಿಸಿದ. ಕಣ್ಣಿಗೆ ಚಂದ ಅನ್ನೋ ಚಿತ್ರ ಅಲ್ಲ ಅದು. ಒಂದು ಚುಕ್ಕಿಗೆ ನೋವಾ ಅಂತ ಗುರುತು ಹಾಕಿ, ಆಮೇಲೆ ಅದನ್ನ ಹೊಡೆದು, ಬೆಳಕು ಏರಿಳಿಯೋ ನಕ್ಷತ್ರ ಅಂತ ತಿದ್ದಿದ. ಆಂಡ್ರೊಮಿಡಾ ನಮ್ಮ ಹಾಲುಹಾದಿಯ ಆಚೆಯದು ಅಂತ ಗೊತ್ತಾಗಿದ್ದು ಆ ಚುಕ್ಕಿಯಿಂದ. ಊಹೆಯಿಂದ ತುಂಬಿದ ಚಿತ್ರದಲ್ಲಿ ಅಂಥ ಚುಕ್ಕಿಯನ್ನ ಯಾರು ನಂಬಬೇಕು?

ಇಷ್ಟಾದ ಮೇಲೆ ಅದರ ಕೆಳಗೆ 'ನಮ್ಮ ಬಳ್ಳಾರಿಯ ಆಕಾಶ' ಅಂತ ಬೇರೆ ಬರೆದಿದ್ದಾರೆ! ನೋಡಿದವರು, ಆಕಾಶ ಇಷ್ಟು ಚೊಕ್ಕ ಇದೆಯಲ್ಲ, ಇನ್ನೇನು ಬೇಕು ಅಂತಾರೆ. ಬೀದಿದೀಪಗಳ ಬೆಳಕು ಮೇಲಕ್ಕೆ ಚೆಲ್ಲದ ಹಾಗೆ ಮುಚ್ಚಳ ಹಾಕ್ರಿ ಅಂತ ಕೇಳೋಕೆ ಹೋಗೋರು ಒಯ್ಯಬೇಕಾದ್ದು ಆ ಬೂದಿ ಚಿತ್ರ, ಪಕ್ಕದಲ್ಲಿ ಗದ್ದೆಯದು, ಎರಡರ ಕೆಳಗೂ ಊರು, ತಾರೀಖು, ಎಷ್ಟು ಸೆಕೆಂಡು ಅನ್ನೋದು.